ಹಂಗಿಲ್ಲದ ಬದುಕಿಗೊಂದು ಲೆಕ್ಕ

ಸಂಘದ ಕಾರ್ಯದರ್ಶಿಯ ಮೇಜಿನ ಹಿಂದೆ ಕುಳಿತವನಿಗೆ ಒಂದು ಸಂಗತಿ ವರ್ಷವರ್ಷವೂ ಕಣ್ಣಿಗೆ ಬೀಳುತ್ತದೆ. ಬೆಲೆ ಬಿದ್ದ ವರ್ಷ ಸಾಲ ಕೇಳಿ ಬರುವವರು ಹೆಚ್ಚು, ಇದು ಸಹಜ. ಆದರೆ ಬೆಲೆ ಏರಿದ ವರ್ಷವೂ ಬರುವವರು ಕಡಿಮೆಯಾಗುವುದಿಲ್ಲ. ಬಿದ್ದಾಗ ಕೇಳುವ ಸಾಲ ಗೊಬ್ಬರಕ್ಕೆ, ಬೋರ್ಡೋ ಸಿಂಪಡಣೆಗೆ, ಆಳಿನ ಸಂಬಳಕ್ಕೆ. ಏರಿದಾಗ ಕೇಳುವುದು ಪಕ್ಕದ ತೋಟಕ್ಕೆ, ತಾರಸಿ ಮನೆಗೆ, ದೊಡ್ಡ ಕಾರಿಗೆ. ಮೊದಲನೆಯ ಸಾಲ ಒಂದೆರಡು ಬೆಳೆಯಲ್ಲಿ ತೀರುತ್ತದೆ. ಎರಡನೆಯದು ಹತ್ತು ಹದಿನೈದು ವರ್ಷ ಬೆನ್ನು ಬಿಡುವುದಿಲ್ಲ.

ನಾವು ಬೆಳೆಯುವ ಪದಾರ್ಥಗಳ ಸ್ವಭಾವ ಬಲ್ಲವರಿಗೆ ಇದರ ಅಪಾಯವನ್ನು ಬಿಡಿಸಿ ಹೇಳಬೇಕಾಗಿಲ್ಲ. 1975ರಲ್ಲಿ ಬ್ರೆಜಿಲಿನ ತೋಟಗಳನ್ನು ಹಿಮ ಸುಟ್ಟಿತು. 1977ರ ಹೊತ್ತಿಗೆ ಕಾಫಿಯ ಧಾರಣೆ ಆಕಾಶಕ್ಕೇರಿತು, ಆಮೇಲೆ ಇಳಿಯಿತು. 1994ರಲ್ಲಿ ಅಲ್ಲಿ ಮತ್ತೆ ಹಿಮ, ಇಲ್ಲಿ ಮತ್ತೆ ಸಂಭ್ರಮ. 1996ರ ಹೊತ್ತಿಗೆ ಕಾಫಿ ಬೋರ್ಡಿನ ಪೂಲ್ ಪದ್ಧತಿ ಕೊನೆಗೊಂಡು ಮಾರಾಟ ಪೂರ್ತಿ ಮುಕ್ತವಾಯಿತು. ಐದೇ ವರ್ಷದಲ್ಲಿ, 2001ರಲ್ಲಿ, ಅಂತಾರಾಷ್ಟ್ರೀಯ ಕಾಫಿ ಸಂಸ್ಥೆಯ ಸರಾಸರಿ ಧಾರಣೆ ಪೌಂಡಿಗೆ 50 ಸೆಂಟಿಗಿಂತ ಕೆಳಗೆ ಕುಸಿಯಿತು. ಒಳ್ಳೆಯ ಕಾಲದಲ್ಲಿ ತೋಟ ಕೊಂಡವರು ಆಗ ಪಟ್ಟ ಪಾಡನ್ನು ನಮ್ಮಲ್ಲಿ ಅನೇಕರು ನೋಡಿದ್ದೇವೆ. 2025ರ ಫೆಬ್ರವರಿಯಲ್ಲಿ ನ್ಯೂಯಾರ್ಕ್ ಪೇಟೆಯಲ್ಲಿ ಅರೇಬಿಕಾ ಪೌಂಡಿಗೆ 4 ಡಾಲರ್ ದಾಟಿದಾಗ ಆ ನೆನಪು ಎಷ್ಟು ಜನಕ್ಕೆ ಉಳಿದಿತ್ತೋ ಕಾಣೆ. ಅಡಿಕೆಯ ಕತೆಯೂ ಬೇರೆಯಲ್ಲ. 1973ರಲ್ಲಿ ಕ್ಯಾಂಪ್ಕೊ ಹುಟ್ಟಿದ್ದೇ ಅಂಥದೊಂದು ಕುಸಿತದ ಬೆನ್ನಲ್ಲಿ.

ಈ ಏರಿಳಿತ ನಮ್ಮ ಕೈಯಲ್ಲಿಲ್ಲ. ಬಂದ ಹಣದಿಂದ ನಾವು ಏನನ್ನು ಕೊಳ್ಳಬೇಕು ಎಂಬುದು ಮಾತ್ರ ನಮ್ಮ ಕೈಯಲ್ಲಿದೆ. ಈ ಪ್ರಶ್ನೆಯನ್ನು ಕಾಗದ ಪೆನ್ಸಿಲು ಹಿಡಿದು ಯೋಚಿಸಿ, ಐವತ್ತು ವರ್ಷ ಹಾಗೆಯೇ ಬಾಳಿ ತೋರಿಸಿದ ಒಬ್ಬ ಅರ್ಥಶಾಸ್ತ್ರಜ್ಞರ ವಿಷಯವನ್ನು ಸದಸ್ಯರ ಮುಂದಿಡಬೇಕೆಂದು ಬಹಳ ದಿನದಿಂದ ಅಂದುಕೊಂಡಿದ್ದೆ. ಅವರು ಅಮೆರಿಕದವರು. ಆದರೂ ನಮ್ಮ ಹಾಗೆಯೇ ಮರಗಳಿಂದ ವರ್ಷಕ್ಕೊಮ್ಮೆ ಬರುವ ಫಸಲಿನ ಮೇಲೆ ಬದುಕಿದವರು. ಆದ್ದರಿಂದ ಅವರ ಲೆಕ್ಕ ನಮಗೆ ಬೇಗ ಅರ್ಥವಾಗುತ್ತದೆ.

ಪಟ್ಟಣ ಬಿಟ್ಟ ಪ್ರಾಧ್ಯಾಪಕ

ಸ್ಕಾಟ್ ನಿಯರಿಂಗ್ ಹುಟ್ಟಿದ್ದು 1883ರಲ್ಲಿ, ಪೆನ್ಸಿಲ್ವೇನಿಯದ ಒಂದು ಕಲ್ಲಿದ್ದಲು ಗಣಿಯ ಊರಿನಲ್ಲಿ, ಅನುಕೂಲಸ್ಥರ ಮನೆಯಲ್ಲಿ. ಪೆನ್ಸಿಲ್ವೇನಿಯ ವಿಶ್ವವಿದ್ಯಾನಿಲಯದಲ್ಲಿ ಅರ್ಥಶಾಸ್ತ್ರ ಕಲಿಸುತ್ತಿದ್ದರು. ಮಕ್ಕಳನ್ನು ಗಣಿ, ಕಾರ್ಖಾನೆಗಳಲ್ಲಿ ದುಡಿಸುವುದರ ವಿರುದ್ಧ ಬಹಿರಂಗವಾಗಿ ಮಾತನಾಡುತ್ತಿದ್ದ ಅವರನ್ನು 1915ರಲ್ಲಿ ಕೆಲಸದಿಂದ ತೆಗೆದರು. ಇನ್ನೊಂದು ವಿಶ್ವವಿದ್ಯಾನಿಲಯ ಸೇರಿದರು. ಮಹಾಯುದ್ಧವನ್ನು ವಿರೋಧಿಸಿದ್ದಕ್ಕೆ 1917ರಲ್ಲಿ ಅಲ್ಲಿಂದಲೂ ಹೊರಬಿದ್ದರು. ಯುದ್ಧ ವಿರೋಧಿ ಕಿರುಹೊತ್ತಗೆ ಬರೆದುದಕ್ಕೆ ಮೊಕದ್ದಮೆಯೂ ನಡೆದು 1919ರಲ್ಲಿ ಬಿಡುಗಡೆಯಾಯಿತು. ಆ ಮೇಲೆ ಕಾಲೇಜುಗಳ ಬಾಗಿಲು ಮುಚ್ಚಿದವು, ದೊಡ್ಡ ಪತ್ರಿಕೆಗಳು ಲೇಖನ ಕೇಳುವುದನ್ನು ನಿಲ್ಲಿಸಿದವು. ಸಂಬಳ ಕೊಡುವವನು ನಾಲಿಗೆಯನ್ನೂ ಕೊಂಡುಕೊಂಡಿರುತ್ತಾನೆ ಎಂಬುದು ಅವರಿಗೆ ಹೀಗೆ ಮನದಟ್ಟಾಯಿತು.

1932ರಲ್ಲಿ, ಜಗತ್ತೆಲ್ಲ ಆರ್ಥಿಕ ಮುಗ್ಗಟ್ಟಿನಲ್ಲಿ ನರಳುತ್ತಿದ್ದಾಗ, ಐವತ್ತರ ಹತ್ತಿರ ಬಂದಿದ್ದ ಸ್ಕಾಟ್ ಮತ್ತು 28ರ ಹೆಲೆನ್ ನ್ಯೂಯಾರ್ಕ್ ಬಿಟ್ಟು ವರ್ಮಾಂಟ್ ಪ್ರಾಂತದ ಬೆಟ್ಟದ ಕಣಿವೆಯೊಂದಕ್ಕೆ ಹೊರಟರು. ಹೆಲೆನ್ ಪಿಟೀಲು ಕಲಿತವರು. ಎಳೆವಯಸ್ಸಿನಲ್ಲಿ ನಮ್ಮ ಜೆ. ಕೃಷ್ಣಮೂರ್ತಿಯವರ ಆಪ್ತ ವಲಯದಲ್ಲಿದ್ದವರು. ಕೊಂಡ ಜಮೀನು ಹಾಳುಬಿದ್ದದ್ದು: ಕಲ್ಲು ನೆಲ, ಜೌಗು, ಗಿಡ್ಡ ಬೇಸಿಗೆ. ಅಲ್ಲಿ ತಮ್ಮ ಕೈಯಿಂದಲೇ ಕಲ್ಲಿನ ಮನೆ ಕಟ್ಟಿದರು, ತರಕಾರಿ ಬೆಳೆದರು, ಸೌದೆ ಕಡಿದರು.

ಮೇಪಲ್ ಮರದ ಫಸಲು

ಊಟಕ್ಕೆ ತರಕಾರಿ ಆಯಿತು, ನಗದಿಗೇನು ಮಾಡುವುದು? ಆ ಬೆಟ್ಟದಲ್ಲಿ ಸಕ್ಕರೆ ಮೇಪಲ್ ಎಂಬ ಮರಗಳಿದ್ದವು. ಚಳಿಗಾಲ ಮುಗಿಯುವ ಹೊತ್ತಿಗೆ, ರಾತ್ರಿ ನೀರು ಹೆಪ್ಪುಗಟ್ಟಿ ಹಗಲು ಕರಗುವ ಕೆಲವೇ ವಾರಗಳಲ್ಲಿ, ಈ ಮರದ ಕಾಂಡಕ್ಕೆ ರಂಧ್ರ ಕೊರೆದು ಕೊಳವೆ ಹೊಡೆದರೆ ರಸ ತೊಟ್ಟಿಕ್ಕುತ್ತದೆ. ಅದನ್ನು ಬಕೆಟ್ಟಿನಲ್ಲಿ ಹಿಡಿದು ಅಗಲವಾದ ಬಾಣಲೆಯಲ್ಲಿ ಕಾಯಿಸಿ ಇಂಗಿಸಬೇಕು. ಸುಮಾರು 40 ಲೀಟರ್ ರಸ ಬತ್ತಿದರೆ ಒಂದು ಲೀಟರ್ ಪಾಕ. ಆಲೆಮನೆ ಕಂಡವರಿಗೆ ಕೆಲಸದ ರೀತಿ ಅಂದಾಜಾದೀತು. ಹಂಗಾಮು ತಪ್ಪಿದರೆ ಮುಂದಿನ ವರ್ಷದ ತನಕ ಕಾಯಬೇಕು. ನಮ್ಮ ಹಣ್ಣು ಕೊಯ್ಲಿನ ಹಾಗೆಯೇ.

ದಂಪತಿಗಳ ಹೆಚ್ಚುಗಾರಿಕೆ ಪಾಕ ಕಾಯಿಸಿದ್ದರಲ್ಲಿ ಇಲ್ಲ. ನೆರೆಯವರೂ ಕಾಯಿಸುತ್ತಿದ್ದರು. ಇವರು ಮೊದಲು ಪಟ್ಟಿ ಬರೆಯುತ್ತಿದ್ದರು: ತೆರಿಗೆಗೆ ಇಷ್ಟು, ಲಾರಿಯ ಎಣ್ಣೆಗೆ ಇಷ್ಟು, ಕೊಳ್ಳಲೇಬೇಕಾದ ದಿನಸಿಗೆ, ಅಂಚೆಗೆ, ಪ್ರಯಾಣಕ್ಕೆ ಇಷ್ಟು. ಆ ಮೊತ್ತಕ್ಕೆ ಎಷ್ಟು ಪಾಕ ಮಾರಬೇಕೆಂದು ಲೆಕ್ಕ ಹಾಕುತ್ತಿದ್ದರು. ಅಷ್ಟು ಹಣ ಬಂದರೆ ಆ ವರ್ಷಕ್ಕೆ ಸಂಪಾದನೆ ನಿಂತಿತು. ತೋಟದಲ್ಲಿ ಹೆಚ್ಚಾದ ತರಕಾರಿಯನ್ನು ಮಾರದೆ ಹಂಚುತ್ತಿದ್ದರು. ಬಡ್ಡಿಗೆ ಹಣ ತರಬಾರದು ಎಂಬುದು ಇನ್ನೊಂದು ನಿಯಮ. ಆರಂಭದ ಜಮೀನಿನ ಮೇಲಿದ್ದ ಅಡಮಾನ ಸಾಲವನ್ನು ಬಿಟ್ಟರೆ, ಕೈಯಲ್ಲಿ ಹಣವಿದ್ದಾಗ ಮಾತ್ರ ಕೆಲಸ ಹಿಡಿಯುತ್ತಿದ್ದರು. ಹೀಗೆ ಹೊಟ್ಟೆಪಾಡಿನ ದುಡಿಮೆ ದಿನಕ್ಕೆ ಅರ್ಧ ಹೊತ್ತು, ವರ್ಷಕ್ಕೆ ಆರು ತಿಂಗಳು. ಉಳಿದದ್ದು ಬರವಣಿಗೆಗೆ, ಸಂಗೀತಕ್ಕೆ, ಸಂಚಾರಕ್ಕೆ. ಯಾವ ಮಾತಿಗಾಗಿ ಸ್ಕಾಟ್ ಕೆಲಸ ಕಳೆದುಕೊಂಡಿದ್ದರೋ ಆ ಮಾತನ್ನು ಯಾರ ಹಂಗೂ ಇಲ್ಲದೆ ಸಾಯುವ ತನಕ ಆಡಿದರು.

ಇನ್ನೊಂದು ಪ್ರಸಂಗ ಬೆಲೆ ಏರಿಕೆಯ ಕಾಲಕ್ಕೆ ವಿಶೇಷವಾಗಿ ಸಲ್ಲುತ್ತದೆ. ಅವರು ಅಗ್ಗದಲ್ಲಿ ಕೊಂಡಿದ್ದ ಏಳುನೂರಕ್ಕೂ ಹೆಚ್ಚು ಎಕರೆ ಬೆಟ್ಟದ ಕಾಡಿಗೆ ಯುದ್ಧಾನಂತರ ಮರದ ಬೇಡಿಕೆಯಿಂದ ಒಳ್ಳೆಯ ಬೆಲೆ ಬಂತು. ಈ ಬೆಲೆ ತಮ್ಮ ದುಡಿಮೆಯಿಂದ ಬಂದದ್ದಲ್ಲ ಎಂದು ಅದನ್ನು ಆ ಊರಿನ ಪಂಚಾಯಿತಿಗೆ ಊರೊಟ್ಟಿನ ಕಾಡಾಗಿ ಬಿಟ್ಟುಕೊಟ್ಟರು. ಬೆಟ್ಟಕ್ಕೆ ಹಿಮಜಾರು ಆಟದ ವ್ಯಾಪಾರ ಕಾಲಿಡುವ ಹೊತ್ತಿಗೆ, 1952ರಲ್ಲಿ, ಮೇನ್ ಪ್ರಾಂತದ ಕಡಲ ತೀರಕ್ಕೆ ಹೋಗಿ ಮತ್ತೆ ಮೊದಲಿನಿಂದ ಆರಂಭಿಸಿದರು. ಅಲ್ಲಿ ಮೇಪಲ್ ಬದಲು ಬ್ಲೂಬೆರಿ ಹಣ್ಣು ನಗದು ಬೆಳೆಯಾಯಿತು. 1954ರಲ್ಲಿ ಅವರು ಬರೆದ ‘ಲಿವಿಂಗ್ ದ ಗುಡ್ ಲೈಫ್’ ಎಂಬ ಪುಸ್ತಕ 1970ರಲ್ಲಿ ಮರುಮುದ್ರಣವಾದಾಗ ಸಾವಿರಾರು ಯುವಕರು ಅವರ ಹಿತ್ತಲು ನೋಡಲು ಬಂದರು. 1968ರಲ್ಲಿ ಒಬ್ಬ ತರುಣ ಕೃಷಿಕರಿಗೆ 60 ಎಕರೆ ಮಾರುವಾಗ ತಾವು ಕೊಟ್ಟಿದ್ದ ಬೆಲೆಯನ್ನಷ್ಟೇ ತೆಗೆದುಕೊಂಡರು. ಸ್ಕಾಟ್ 1983ರ ಆಗಸ್ಟ್‌ನಲ್ಲಿ, ನೂರು ತುಂಬಿ ಮೂರು ವಾರದೊಳಗೆ ತೀರಿಕೊಂಡರು. ಹೆಲೆನ್ 1995ರ ತನಕ ಇದ್ದರು.

ಒಪ್ಪಬೇಕಾದದ್ದು, ಬಿಡಬೇಕಾದದ್ದು

ಇವರನ್ನು ದೇವರ ಪಟ ಮಾಡುವುದು ಬೇಡ. ಇಬ್ಬರಿಗೂ ಪಿತ್ರಾರ್ಜಿತವಾಗಿಯೋ ಇನ್ನೊಂದು ಕಡೆಯಿಂದಲೋ ಹಣ ಬಂದಿತ್ತು, ಭಾಷಣದ ಆದಾಯವಿತ್ತು, ನೋಡಲು ಬಂದವರು ಕೈಗೂಡಿಸಿ ದುಡಿದರು ಎಂದು ಮೇನ್‌ನಲ್ಲಿ ಅವರ ಪಕ್ಕದಲ್ಲೇ ವಾಸವಾಗಿದ್ದವರು 2003ರಲ್ಲಿ ಬರೆದಿದ್ದಾರೆ. ಮನೆಯಲ್ಲಿ ಬೆಳೆಸಬೇಕಾದ ಚಿಕ್ಕ ಮಕ್ಕಳಿರಲಿಲ್ಲ. ಮಗಳ ಕಾಲೇಜು ಶುಲ್ಕ, ತಾಯಿಯ ಔಷಧಿ, ಎರಡರ ಜವಾಬ್ದಾರಿಯೂ ಇರುವ ನಮ್ಮ ಗೃಹಸ್ಥರು ಅವರ ಜೀವನವನ್ನು ಯಥಾವತ್ತಾಗಿ ನಕಲು ಮಾಡಲಾಗದು. ಅವರ ಇನ್ನೊಂದು ಕೊರತೆಯನ್ನು ಅವರೇ ಹೇಳಿಕೊಂಡಿದ್ದಾರೆ: ಇಪ್ಪತ್ತು ವರ್ಷ ಯತ್ನಿಸಿದರೂ ಆ ಕಣಿವೆಯ ಜನರನ್ನು ಸಹಕಾರದ ಕೆಲಸಕ್ಕೆ ಒಟ್ಟುಗೂಡಿಸಲು ಆಗಲಿಲ್ಲ. ಈ ವಿಷಯದಲ್ಲಿ ನಾವು ಅವರಿಗಿಂತ ಭಾಗ್ಯವಂತರು. ನಮಗೆ ಸಂಘವಿದೆ.

ನಾವು ತೆಗೆದುಕೊಳ್ಳಬೇಕಾದದ್ದು ಅವರ ಪಟ್ಟಿಯನ್ನು. ಒಂದು ಕಾಲ್ಪನಿಕ ಸಂಸಾರದ ಲೆಕ್ಕ ನೋಡೋಣ. ನಾಲ್ಕು ಎಕರೆ ತೋಟ, 50 ಕಿಲೋದ 30 ಚೀಲ ಪಾರ್ಚ್‌ಮೆಂಟ್. ತೋಟದ ಖರ್ಚು, ಮನೆ ಖರ್ಚು ಎಲ್ಲ ಸೇರಿ ವರ್ಷಕ್ಕೆ 5 ಲಕ್ಷ ರೂಪಾಯಿ ಬೇಕು ಎನ್ನಿ. ಚೀಲಕ್ಕೆ 25 ಸಾವಿರ ಸಿಕ್ಕರೆ ಏಳೂವರೆ ಲಕ್ಷ. ಎರಡೂವರೆ ಲಕ್ಷ ಮಿಗುತ್ತದೆ. 10 ಸಾವಿರಕ್ಕೆ ಇಳಿದರೆ 3 ಲಕ್ಷ. ಎರಡು ಲಕ್ಷ ಕಡಿಮೆ. ಅಂದರೆ ಒಳ್ಳೆಯ ವರ್ಷದಲ್ಲಿ ಮಿಕ್ಕಂತೆ ಕಾಣುವ ಹಣ ಮಿಕ್ಕದ್ದಲ್ಲ. ಕೆಟ್ಟ ವರ್ಷದ ಅಕ್ಕಿ ಮುಂಚಿತವಾಗಿ ಬಂದಿದೆ, ಅಷ್ಟೇ. ಆ ಎರಡೂವರೆ ಲಕ್ಷವನ್ನು ನಂಬಿ ಹತ್ತು ವರ್ಷದ ಕಂತು ಕಟ್ಟಲು ಒಪ್ಪಿದವನು ಬ್ರೆಜಿಲಿನ ಹಿಮವನ್ನು ಪ್ರತಿವರ್ಷ ಹಾರೈಸಬೇಕಾಗುತ್ತದೆ.

ಸ್ವಾತಂತ್ರ್ಯ ಎನ್ನುವುದು ದೊಡ್ಡ ಮಾತಾಯಿತು ಎನ್ನುವವರಿಗೆ ತೋಟಗಾರನ ಭಾಷೆಯಲ್ಲೇ ಹೇಳಬಹುದು. ಖರೀದಿದಾರ ಅಂಗಳಕ್ಕೆ ಬಂದು ಧಾರಣೆ ಹೇಳಿದಾಗ, ‘ಇವತ್ತು ಕೊಡುವುದಿಲ್ಲ’ ಎಂದು ಹೇಳಬಲ್ಲವನು ಸ್ವತಂತ್ರ. ಚಾಲಿ ಅಡಿಕೆ ಚೆನ್ನಾಗಿ ಒಣಗಿದ್ದರೆ ತಿಂಗಳುಗಟ್ಟಲೆ ಉಳಿಯುತ್ತದೆ. ಕಾಫಿಯೂ ತೇವ ತಗಲದಂತೆ ನೋಡಿಕೊಂಡರೆ ಮಳೆಗಾಲದವರೆಗೆ ತಡೆಯುತ್ತದೆ. ಕಾಯಲಾರದ್ದು ಸಾಲದ ಕಂತು. ಕಂತಿನ ತಾರೀಖು ಹತ್ತಿರ ಬಂದವನ ಮಾಲಿಗೆ ಬೆಲೆ ಕಟ್ಟುವವನು ಅವನಲ್ಲ, ಬೇರೆಯವನು. ಐದು ಎಕರೆಯವನು ಋಣವಿಲ್ಲದೆ ಕಾಯಬಲ್ಲ. ಹದಿನೈದು ಎಕರೆಯವನು ಸಾಲದಲ್ಲಿದ್ದರೆ ಜನವರಿಯಲ್ಲೇ ತೂಗಿ ಕೊಡಬೇಕು. ಇವರಲ್ಲಿ ಶ್ರೀಮಂತ ಯಾರು ಎಂಬುದನ್ನು ಓದುಗರೇ ತೀರ್ಮಾನಿಸಲಿ.

ತೋಟ ವಿಸ್ತರಿಸುವವರು ಆಳಿನ ಲೆಕ್ಕವನ್ನೂ ಜೊತೆಗೆ ಬರೆಯಬೇಕು. ಮನೆಮಂದಿ ಮತ್ತು ಕಾಯಂ ಇಬ್ಬರು ಸೇರಿ ನಿಭಾಯಿಸುವ ತೋಟಕ್ಕೂ, ಹಣ್ಣಾದಾಗ ಹೊರಗಿನ ಗುಂಪಿಗಾಗಿ ಕಾದು ಕೂರುವ ತೋಟಕ್ಕೂ ಅಂತರವಿದೆ. ಹೆಚ್ಚುವರಿ ಎರಡು ಎಕರೆ ಆದಾಯದ ಜೊತೆಗೆ ಚಿಂತೆಯನ್ನೂ ತರುತ್ತದೆ. ಹಾಗೆಂದು ಯಾರೂ ತೋಟ ಕೊಳ್ಳಬಾರದು ಎಂದಲ್ಲ. ಹಳೆಯ ಸಾಲ ತೀರಿಸಿ, ಒಂದು ವರ್ಷದ ಪೂರ್ತಿ ಖರ್ಚನ್ನು ಠೇವಣಿಯಲ್ಲಿಟ್ಟು, ಆ ಮೇಲೆ ಉಳಿದರೆ ಕೊಳ್ಳಲಿ. ಕ್ರಮ ತಲೆಕೆಳಗಾಗದಿದ್ದರೆ ಸಾಕು.

ಸರಳತೆಯ ಹೆಸರಿನಲ್ಲಿ ಮಾಡಬಾರದ ಎರಡು ಕೆಲಸಗಳಿವೆ. ಮಿತವ್ಯಯ ನಮ್ಮ ಖರ್ಚಿನಲ್ಲಿರಲಿ; ಆಳಿನ ಕೂಲಿಯಲ್ಲಿ, ಮರದ ಬುಡದ ಗೊಬ್ಬರದಲ್ಲಿ ಬೇಡ. ಎರಡನೆಯದಾಗಿ, ಎಲ್ಲವನ್ನೂ ಮನೆಯಲ್ಲೇ ಮಾಡಿಕೊಳ್ಳೋಣ ಎಂದು ಯಜಮಾನರು ಜಗಲಿಯಲ್ಲಿ ಕುಳಿತು ಅಪ್ಪಣೆ ಕೊಟ್ಟರೆ ಸಂಡಿಗೆ, ಹಪ್ಪಳ, ಹಿತ್ತಲು, ಕೊಟ್ಟಿಗೆ ಎಲ್ಲವೂ ಬೀಳುವುದು ಮನೆಯ ಹೆಂಗಸರ ಮೇಲೆ. ನಿಯರಿಂಗ್ ದಂಪತಿಗಳು ಕಲ್ಲನ್ನೂ ಗಾರೆಯನ್ನೂ ಒಟ್ಟಿಗೆ ಹೊತ್ತವರು. ಒಬ್ಬರ ಬಿಡುವು ಇನ್ನೊಬ್ಬರ ಬೆನ್ನಿನ ಮೇಲೆ ನಿಂತಿದ್ದರೆ ಆ ಮನೆಯಲ್ಲಿ ಅರ್ಧ ಜನ ಮಾತ್ರ ಸ್ವತಂತ್ರರು.

ಸದಸ್ಯರಲ್ಲಿ ವಿಜ್ಞಾಪನೆ ಇಷ್ಟೇ. ಬರುವ ಫಸಲಿನ ಹಣ ಕೈಸೇರುವ ಮುಂಚೆ ಒಂದು ಸಂಜೆ ಮನೆಮಂದಿಯೆಲ್ಲ, ಮಕ್ಕಳನ್ನೂ ಕೂಡಿಸಿಕೊಂಡು, ವರ್ಷದ ಪಟ್ಟಿ ಬರೆಯಿರಿ. ಯಾವುದು ಬೇಕೇ ಬೇಕು, ಯಾವುದು ಆದರಾಗಲಿ, ಯಾವುದು ಪಕ್ಕದ ಮನೆ ನೋಡಿ ಬಂದದ್ದು ಎಂದು ಮೂರು ಭಾಗ ಮಾಡಿ. ಈ ಹಾಳೆಯನ್ನು ಸಂಘಕ್ಕೆ ತರಬೇಕಾಗಿಲ್ಲ, ಮನೆಯಲ್ಲೇ ಇರಲಿ. ದೀರ್ಘಾವಧಿ ಸಾಲದ ಅರ್ಜಿ ತೆಗೆದುಕೊಂಡು ಹೋಗಲು ಕಚೇರಿಗೆ ಬರುವವರು ಹೊರಡುವ ಮೊದಲು ಅದನ್ನು ಒಮ್ಮೆ ಓದಿಕೊಂಡು ಬರಲಿ.