ಮುಳುಗಿಸಲೆಂದೇ ಕೊಟ್ಟ ಯುದ್ಧನೌಕೆ: ಕೊಂಕಣದ ಕಡಲಲ್ಲಿ ಸ್ಕೂಬಾಗೆ ‘ಗುಲ್ದಾರ್’

ಮುಂಬೈ: ಠಾಣೆ, ಪನ್ವೇಲ್‌ನಲ್ಲಿ ಕೊಂಕಣ ರೈಲು ಹತ್ತಿ ಊರಿಗೆ ಹೊರಡುವ ಡೊಂಬಿವಲಿ, ಕಲ್ಯಾಣ, ನವಿ ಮುಂಬೈ ಕನ್ನಡಿಗರಿಗೆ ಸಿಂಧುದುರ್ಗ ಜಿಲ್ಲೆ ದಾರಿಯಲ್ಲಿ ಸಿಗುವ ಊರು. ಅಲ್ಲಿನ ನಿವತಿ ಬಳಿಯ ಸಮುದ್ರದಲ್ಲಿ ನೌಕಾಪಡೆಯ ನಿವೃತ್ತ ಹಡಗು ಐಎನ್‌ಎಸ್ ಗುಲ್ದಾರ್ ಅನ್ನು ಮುಳುಗಿಸಿ ಸ್ಕೂಬಾ ಡೈವಿಂಗ್ ತಾಣ ಮಾಡುವುದು ಮಹಾರಾಷ್ಟ್ರ ಪ್ರವಾಸೋದ್ಯಮ ಅಭಿವೃದ್ಧಿ ನಿಗಮದ ಯೋಜನೆ.

ಪೋಲೆಂಡ್‌ನಲ್ಲಿ ನಿರ್ಮಾಣವಾಗಿ 1985ರಲ್ಲಿ ಸೇವೆಗೆ ಸೇರಿದ ಗುಲ್ದಾರ್, ಸೈನಿಕರನ್ನೂ ವಾಹನಗಳನ್ನೂ ನೇರವಾಗಿ ದಡಕ್ಕೆ ಇಳಿಸುವ ಹಡಗು. ಉದ್ದ ಸುಮಾರು 84 ಮೀಟರ್. 2024ರ ಜನವರಿಯಲ್ಲಿ ನಿವೃತ್ತಿಯಾದ ಇದನ್ನು 2025ರ ಫೆಬ್ರವರಿಯಲ್ಲಿ ನಿಗಮಕ್ಕೆ ಹಸ್ತಾಂತರಿಸಿದ್ದು ನಮ್ಮ ಕಾರವಾರದ ನೌಕಾನೆಲೆಯಲ್ಲಿ. ಅದೇ ಕಾರವಾರದ ಕಡಲತೀರದಲ್ಲಿ ಚಾಪೆಲ್ ನೌಕೆ ದಡದ ಮೇಲೆಯೇ ವಸ್ತುಸಂಗ್ರಹಾಲಯವಾಗಿದೆ. ಗುಲ್ದಾರ್‌ನ ಪಾಲಿಗೆ ಬಂದಿರುವುದು ನೀರಿನಡಿಯ ಬಾಳು.

ಹಳೆಯ ಹಡಗೇ ಯಾಕೆ?

ಬರೀ ಮರಳು, ಕೆಸರಿರುವ ತಳದಲ್ಲಿ ಸಿಂಪಿ, ಹವಳಗಳಿಗೆ ಅಂಟಿಕೊಳ್ಳಲು ಗಟ್ಟಿ ಜಾಗ ಇರುವುದಿಲ್ಲ. ಉಕ್ಕಿನ ಹಡಗು ಕೂತರೆ ಮೊದಲು ಪಾಚಿ, ಆಮೇಲೆ ಚಿಪ್ಪುಜೀವಿಗಳು, ಅವನ್ನು ಹುಡುಕಿಕೊಂಡು ಮೀನು ಬರುತ್ತವೆ. ಇದನ್ನೇ ಕೃತಕ ಬಂಡೆ ಎನ್ನುವುದು.

ಆದರೆ ಹಡಗನ್ನು ಹಾಗೇ ಮುಳುಗಿಸಿದರೆ ಅದು ಕಸ ಸುರಿದಂತೆ. ಮೊದಲು ಎಣ್ಣೆ, ವೈರು, ಕಲ್ನಾರು, ವಿಷಕಾರಿ ಬಣ್ಣ ಎಲ್ಲ ತೆಗೆಯಬೇಕು. ಡೈವರ್‌ಗಳು ಸಿಕ್ಕಿಕೊಳ್ಳದಂತೆ ಬಾಗಿಲು ಕಳಚಿ, ಬೆಳಕು ಬರಲು, ಹೊರಬರಲು ಗೋಡೆಗಳಲ್ಲಿ ದೊಡ್ಡ ಕಿಂಡಿ ಕೊರೆಯಬೇಕು. ತಳದಲ್ಲಿ ಮಗುಚದೆ ನೆಟ್ಟಗೆ ಕೂರುವಂತೆ ಲೆಕ್ಕ ಹಾಕಿ ನೀರು ತುಂಬಿಸಬೇಕು. ಮುಳುಗಿಸುವುದು ಕೆಲವೇ ನಿಮಿಷದ ಮಾತು, ಸಿದ್ಧತೆಗೆ ತಿಂಗಳುಗಳೇ ಬೇಕು.

ತಪ್ಪಿದರೆ ಏನಾಗುತ್ತದೆ ಎಂಬುದಕ್ಕೆ ಅಮೆರಿಕದ ಫ್ಲಾರಿಡಾ ಸಾಕ್ಷಿ. 1970ರ ದಶಕದಲ್ಲಿ ಅಲ್ಲಿ ಮೀನು ಬೆಳೆಯಲೆಂದು ಸುಮಾರು 20 ಲಕ್ಷ ಹಳೆ ಟೈರ್ ಮುಳುಗಿಸಿದ್ದರು. ಕಟ್ಟಿದ್ದ ಪಟ್ಟಿಗಳು ತುಂಡಾಗಿ ಟೈರ್‌ಗಳು ಅಲೆಗೆ ಸಿಕ್ಕಿ ಉರುಳಿ, ಪಕ್ಕದ ಅಸಲಿ ಹವಳವನ್ನೇ ಹಾಳುಮಾಡಿದವು. ಅವನ್ನು ಮೇಲೆತ್ತಲು ಸೇನೆಯ ಡೈವರ್‌ಗಳೇ ಇಳಿಯಬೇಕಾಯಿತು.

ಯಾರು ಇಳಿಯಬಹುದು?

ಒಂದು ದಿನದ ‘ಟ್ರಯಲ್’ ಡೈವ್‌ನಲ್ಲಿ ಸಾಮಾನ್ಯವಾಗಿ 12 ಮೀಟರ್‌ಗಿಂತ ಕೆಳಗೆ ಕರೆದೊಯ್ಯುವುದಿಲ್ಲ. ಮೊದಲ ಹಂತದ ಕೋರ್ಸ್ ಮುಗಿಸಿದವರಿಗೆ ಮಿತಿ 18 ಮೀಟರ್, ಮುಂದಿನ ಹಂತಕ್ಕೆ 30 ಮೀಟರ್. ಹಡಗಿನ ಒಳಹೊಕ್ಕು ನೋಡಲು ಬೇರೆಯೇ ತರಬೇತಿ ಬೇಕು. ಒಳಗೆ ದಾರಿ ತಪ್ಪಿದರೆ ನೇರ ಮೇಲೇಳಲು ಆಗದು. ಅಸ್ತಮಾ, ಹೃದಯದ ತೊಂದರೆ ಇದ್ದವರು ವೈದ್ಯರನ್ನು ಕೇಳದೆ ಇಳಿಯಬಾರದು.

ಪಶ್ಚಿಮ ಕರಾವಳಿಯಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಡೈವಿಂಗ್ ಬಂದ್. ಕಲಿಯುವ ಆಸೆ ಇರುವವರು ಊರಿಗೆ ಹೋದಾಗ ಮುರುಡೇಶ್ವರದಿಂದ ದೋಣಿಯಲ್ಲಿ ನೇತ್ರಾಣಿಗೆ ಹೋಗಬಹುದು. ಅಲ್ಲಿ ಹಡಗಿಲ್ಲ, ನೈಸರ್ಗಿಕ ಬಂಡೆ, ಹವಳಗಳೇ ಇವೆ.