ಗಡಿಯಾಚೆ ಮೇಷ್ಟ್ರಾಗೋ ಮುಂಚೆ ರಸ್ತೆಯ ಟೈಮ್ ತಿಳ್ಕೊಳ್ಳಿ

ನಾನು ಚಾಮರಾಜನಗರದವನು, ಈಗ ಕೇರಳದ ಸುಲ್ತಾನ್ ಬತ್ತೇರಿಯ ಒಂದು ಚರ್ಚ್ ಶಾಲೆಯಲ್ಲಿ ಹೊಸ ಮೇಷ್ಟ್ರು. ಬೆಳಗಿನ ಪ್ರಾರ್ಥನೆ, ಮಲಯಾಳಂ ಮಾತು ಬೇಗ ಒಗ್ಗುತ್ತೆ. ಮಕ್ಕಳು 'ಮಾಷೇ' ಅಂದ್ರೆ ನಮ್ಮ 'ಮೇಷ್ಟ್ರೇ' ಅಂದ ಹಾಗೇ ಕೇಳ್ಸುತ್ತೆ. ಕಷ್ಟ ಇರೋದು ರಸ್ತೆಯದ್ದು.

ಗುಂಡ್ಲುಪೇಟೆಯಿಂದ ಇಲ್ಲಿಗೆ ಬರೋ ರಾಷ್ಟ್ರೀಯ ಹೆದ್ದಾರಿ 766 ಬಂಡೀಪುರ ಕಾಡು ದಾಟುತ್ತೆ. ಕಾಡುಪ್ರಾಣಿಗಳು ವಾಹನಕ್ಕೆ ಸಿಕ್ಕಿ ಸಾಯಬಾರದು ಅಂತ 2009ರಿಂದ ರಾತ್ರಿ 9ರಿಂದ ಬೆಳಗ್ಗೆ 6ರವರೆಗೆ ಸಂಚಾರ ನಿಷೇಧ. ಬೆರಳೆಣಿಕೆಯ ಬಸ್ಸು, ಆಂಬುಲೆನ್ಸ್‌ನಂಥ ತುರ್ತು ವಾಹನಗಳಿಗಷ್ಟೇ ವಿನಾಯಿತಿ.

ಅಂದ್ರೆ, ಅಮ್ಮನಿಗೆ ಹುಷಾರಿಲ್ಲ ಅಂತ ರಾತ್ರಿ ಹತ್ತಕ್ಕೆ ಫೋನ್ ಬಂದ್ರೂ ನನ್ನ ಬೈಕು ಬೆಳಗಾಗೋವರೆಗೆ ಕಾಯಬೇಕು. ಅದಕ್ಕೇ ಕೆಲಸಕ್ಕೆ ಸೇರೋ ಮೊದಲೇ, ಕರೆದ ಕೂಡಲೇ ಮನೆಗೆ ಬರೋ ಪಕ್ಕದ ಬೀದಿ ಆಟೋ ಅಣ್ಣನಿಗೆ ಹೇಳಿಟ್ಟು ಬಂದೆ. ನೀವೂ ಸಂಬಳ ಕೇಳೋ ಮುಂಚೆ ಇದನ್ನ ಯೋಚಿಸಿ.