ಬೆಂಕಿ ದೂರವಿದ್ದರೂ ಹೊಗೆ ಹತ್ತಿರ

ಕ್ಯಾಲಿಫೋರ್ನಿಯಾದಲ್ಲಿ ಮಗನದೋ ಮಗಳದೋ ಮನೆ ಇರುವವರಿಗೆ ಅಲ್ಲಿನ ಕಾಡ್ಗಿಚ್ಚು ಈಗ ಬರೀ ಟೀವಿ ಸುದ್ದಿಯಾಗಿ ಉಳಿದಿಲ್ಲ. ಆರು ತಿಂಗಳ ಮಾತ್ರೆ, ಚಟ್ನಿಪುಡಿ, ಸ್ವೆಟರು ತುಂಬಿಕೊಂಡು ಹೊರಡುವ ಅಪ್ಪ-ಅಮ್ಮಂದಿರ ಜೊತೆ ಊರಿನ ನಂಬಿಕೆಗಳೂ ವಿಮಾನ ಹತ್ತುತ್ತವೆ. ಅಲ್ಲಿಗೆ ಹೋದ ಮೇಲೆ ವಾಟ್ಸ್‌ಆ್ಯಪ್ ಇನ್ನಷ್ಟು ಸೇರಿಸುತ್ತದೆ. ಕೆಲವು ನಿರುಪದ್ರವಿ, ಕೆಲವು ಜೀವಕ್ಕೇ ಎರವಾಗುವಂಥವು.

"ಆಕಾಶ ನೋಡಿದರೆ ಗೊತ್ತಾಗುತ್ತದೆ"

2020ರ ಸೆಪ್ಟೆಂಬರ್ 9ರಂದು ಸ್ಯಾನ್ ಫ್ರಾನ್ಸಿಸ್ಕೊ ಸುತ್ತಮುತ್ತ ಆಕಾಶ ಕಿತ್ತಳೆ ಬಣ್ಣಕ್ಕೆ ತಿರುಗಿ, ಹಾಡುಹಗಲೇ ದೀಪ ಹಾಕಿಕೊಳ್ಳಬೇಕಾಯಿತು. ಆ ಫೋಟೊಗಳು ಲೋಕವೆಲ್ಲ ಸುತ್ತಿದವು. ತಮಾಷೆಯೆಂದರೆ ಅವತ್ತು ನೆಲಮಟ್ಟದ ಗಾಳಿ ಅಷ್ಟೇನೂ ಕೆಟ್ಟಿರಲಿಲ್ಲ. ಸಮುದ್ರದ ಕಡೆಯಿಂದ ಬಂದ ತಣ್ಣನೆ ಗಾಳಿಯ ಪದರ ಹೊಗೆಯನ್ನು ಮೇಲೆಯೇ ತಡೆದು ನಿಲ್ಲಿಸಿತ್ತು. ಕಿತ್ತಳೆ ಬಣ್ಣ ಹೋಗಿ, 'ಸದ್ಯ, ಮುಗೀತು' ಎಂದು ಜನ ಉಸಿರು ಬಿಟ್ಟ ಮುಂದಿನ ದಿನಗಳಲ್ಲಿ ಹೊಗೆ ಕೆಳಗಿಳಿಯಿತು. ಆಗ ಗಾಳಿ ನಿಜಕ್ಕೂ ಹದಗೆಟ್ಟಿತು. ಹಾಗಾಗಿ ಕಿಟಕಿಯಿಂದ ಇಣುಕುವುದಕ್ಕಿಂತ ಫೋನಿನಲ್ಲಿ ಗಾಳಿಯ ಗುಣಮಟ್ಟದ ಸೂಚ್ಯಂಕ ನೋಡುವುದು ವಾಸಿ. 100 ದಾಟಿದರೆ ಹೃದ್ರೋಗಿಗಳು, ಆಸ್ತಮಾ ಇರುವವರು, ವಯಸ್ಸಾದವರು, ಗರ್ಭಿಣಿಯರು, ಮಕ್ಕಳು ಹುಷಾರಾಗಬೇಕು. 150 ದಾಟಿದರೆ ಎಲ್ಲರೂ.

ಒದ್ದೆ ಟವೆಲ್ ಮೂಗಿಗೆ ಕಟ್ಟಿಕೊಂಡರೆ ಸಾಕು ಎನ್ನುವವರಿದ್ದಾರೆ. ಹೊಗೆಯಲ್ಲಿ ಅಪಾಯ ಮಾಡುವ ಕಣಗಳು 2.5 ಮೈಕ್ರಾನಿಗಿಂತಲೂ ಸಣ್ಣವು, ತಲೆಗೂದಲಿನ ದಪ್ಪದ ಸುಮಾರು ಮೂವತ್ತನೇ ಒಂದು ಭಾಗ. ಬಟ್ಟೆ ಒದ್ದೆಯಿರಲಿ ಒಣಗಿರಲಿ, ಅವು ನುಸುಳಿಯೇ ನುಸುಳುತ್ತವೆ. ಎನ್-95 ಮಾಸ್ಕ್ ಬೇಕು. ಅದರ ಎರಡೂ ಪಟ್ಟಿಗಳನ್ನು ತಲೆಯ ಹಿಂದಕ್ಕೆ ಎಳೆದು, ಮೂಗಿನ ಮೇಲಿನ ತಂತಿ ಒತ್ತಿ ಕೂರಿಸಬೇಕು. ದಟ್ಟ ಗಡ್ಡವಿದ್ದರೆ ಅದೂ ಸೋರುತ್ತದೆ. ಬೆಲ್ಲ ತಿಂದರೆ ಶ್ವಾಸಕೋಶ ತೊಳೆದುಹೋಗುತ್ತದೆ ಎಂಬ ಮಾತು ನಮ್ಮ ಗಿರಣಿ, ಕ್ವಾರಿಗಳ ಕಾಲದಿಂದಲೂ ಇದೆ. ಬೆಲ್ಲ ಹೋಗುವುದು ಹೊಟ್ಟೆಗೆ, ಕಣಗಳು ಹೋಗುವುದು ಎದೆಗೆ. ಸಕ್ಕರೆ ಕಾಯಿಲೆ ಇದ್ದವರಿಗಂತೂ ಇದು ಹೊಸ ತಾಪತ್ರಯ.

ಕಿಟಕಿ ಬಾಗಿಲು ಮುಚ್ಚಿ ಕೂತ ಮೇಲೆ ನಮ್ಮವರು ಮಾಡುವ ಇನ್ನೊಂದು ಕೆಲಸವಿದೆ. ಸುಟ್ಟ ವಾಸನೆ ಹೋಗಲೆಂದು ಊದುಬತ್ತಿ ಹಚ್ಚುತ್ತಾರೆ, ಹೊತ್ತು ಹೋಗದೆಂದು ಬೋಂಡ ಕರಿಯುತ್ತಾರೆ. ಎರಡೂ ಅದೇ ಜಾತಿಯ ಸಣ್ಣ ಕಣಗಳನ್ನೇ ಮನೆಯೊಳಗೆ ತುಂಬುತ್ತವೆ. ದೇವರು ನಾಲ್ಕು ದಿನ ಹೂವಿನಲ್ಲೇ ಸುಧಾರಿಸಿಕೊಳ್ಳಲಿ.

"ಹೊರಡಿ ಅಂತ ಹೇಳಿದ ಮೇಲೆ ಹೊರಟರಾಯಿತು"

2025ರ ಜನವರಿ 7ರ ಸಂಜೆ ಆರು ದಾಟಿದ ಮೇಲೆ ಲಾಸ್ ಏಂಜಲೀಸ್ ಬಳಿಯ ಈಟನ್ ಕಣಿವೆಯಲ್ಲಿ ಬೆಂಕಿ ಕಾಣಿಸಿಕೊಂಡಿತು. ಪಕ್ಕದ ಆಲ್ಟಡೀನಾ ಊರಿನ ಪಶ್ಚಿಮ ಭಾಗಕ್ಕೆ ಮನೆ ಬಿಡುವ ಆದೇಶ ಬಂದದ್ದು ಮರುದಿನ ಬೆಳಗಿನ ಜಾವ ಮೂರೂವರೆಯ ಹೊತ್ತಿಗೆ. ಆ ಬೆಂಕಿಯಲ್ಲಿ ಸತ್ತವರಲ್ಲಿ ಹೆಚ್ಚಿನವರು ಆ ಭಾಗದವರೇ. ಅವರಲ್ಲಿ ವಯಸ್ಸಾದವರು, ಓಡಾಡಲು ಕಷ್ಟವಿದ್ದವರು ಬಹಳ. ಅದೇ ವಾರ, 9ನೇ ತಾರೀಕು, ಇಡೀ ಕೌಂಟಿಯ ಫೋನುಗಳಿಗೆ ತಪ್ಪಾಗಿ ಒಂದು ಎಚ್ಚರಿಕೆ ಸಂದೇಶ ಹೋಯಿತು. ಬೇಕಾದವರಿಗೆ ತಡವಾಗಿ, ಬೇಡದವರಿಗೆಲ್ಲ ತಪ್ಪಾಗಿ. ಇಂಥ ಫೋನನ್ನೇ ನೆಚ್ಚಿ ಕೂರುವುದು ಮೊಣಕಾಲು ನೋವಿರುವವರಿಗೆ ಆಗದ ಮಾತು. ಆದೇಶಕ್ಕೆ ಮುಂಚೆ 'ಮುನ್ಸೂಚನೆ' ಎಂಬ ಹಂತವೊಂದಿದೆ. ವೃದ್ಧರಿರುವ ಮನೆಯವರು ಆಗಲೇ ಹೊರಡುವುದು ಸರಿ. ಜೋರು ಗಾಳಿಯಿದ್ದರೆ ಅದಕ್ಕೂ ಕಾಯಬೇಕಿಲ್ಲ.

ಕರೆಂಟು ಹೋದರೆ ಗ್ಯಾರೇಜಿನ ಬಾಗಿಲು ತೆರೆಯದೆ ಕಾರು ಒಳಗೇ ಸಿಕ್ಕಿಕೊಳ್ಳುತ್ತದೆ. 2017ರ ಬೆಂಕಿಗಳಲ್ಲಿ ಹೀಗೆ ಸಿಕ್ಕಿಕೊಂಡು ಜನ ಸತ್ತ ಮೇಲೆಯೇ, ಹೊಸದಾಗಿ ಕೂರಿಸುವ ಗ್ಯಾರೇಜ್ ಯಂತ್ರಕ್ಕೆ ಬ್ಯಾಟರಿ ಇರಲೇಬೇಕೆಂದು ರಾಜ್ಯ ಕಾನೂನು ಮಾಡಿತು. ಹಳೆಯ ಮನೆಯಲ್ಲಾದರೆ ಬಾಗಿಲನ್ನು ಬಿಡಿಸುವ ಕೆಂಪು ಹಿಡಿಯ ಹಗ್ಗ ಎಲ್ಲಿದೆ ಎಂದು ಮೊದಲೇ ನೋಡಿಟ್ಟುಕೊಳ್ಳಿ, ಒಂದು ಸಲ ಎಳೆದೂ ನೋಡಿ.

"ಕುದಿಸಿ ಆರಿಸಿ ಕುಡಿದರೆ ಏನೂ ಆಗದು"

ಹುಟ್ಟಿದಾಗಿನಿಂದ ಕೇಳಿದ ಮಾತು. ನೆರೆ ಬಂದಾಗ ಟೈಫಾಯಿಡ್, ಕಾಲರಾ ತಡೆಯಲು ನಿಜವೂ ಹೌದು. ಕಾಡ್ಗಿಚ್ಚು ಊರೊಳಗೆ ನುಗ್ಗಿದಾಗ ಲೆಕ್ಕವೇ ಬೇರೆ. 2018ರಲ್ಲಿ 85 ಜನರನ್ನು ಬಲಿತೆಗೆದುಕೊಂಡ ಕ್ಯಾಂಪ್ ಬೆಂಕಿಯ ನಂತರ ಪ್ಯಾರಡೈಸ್ ಊರಿನ ನಲ್ಲಿ ನೀರಿನಲ್ಲಿ ಬೆಂಜೀನ್ ಎಂಬ ವಿಷಕಾರಿ ರಾಸಾಯನಿಕ ಸಿಕ್ಕಿತು. ಪ್ಲಾಸ್ಟಿಕ್ ಕೊಳವೆಗಳು ಕಾದು ಕರಗುತ್ತವೆ, ನೀರಿನ ಒತ್ತಡ ಬಿದ್ದ ಕೊಳವೆಗಳು ಹೊಗೆಯನ್ನು ಒಳಕ್ಕೆ ಹೀರಿಕೊಳ್ಳುತ್ತವೆ. ಆ ನೀರನ್ನು ಕುದಿಸಿದರೆ ಬೆಂಜೀನ್ ಆವಿಯಾಗಿ ಅಡುಗೆಮನೆಯ ಗಾಳಿಗೆ ಸೇರಿ ಮೂಗಿಗೇ ಬರುತ್ತದೆ. 'ಕುಡಿಯಬೇಡಿ' ಎಂಬ ಸೂಚನೆ ಇರುವ ತನಕ ಬಾಟಲಿ ನೀರೇ ಗತಿ, ಅಡುಗೆಗೂ.

"ಇನ್ಶೂರೆನ್ಸ್ ಇಲ್ಲದಿದ್ದರೆ ಆಸ್ಪತ್ರೆ ಒಳಗೇ ಬಿಡುವುದಿಲ್ಲ"

ಎದೆನೋವು ಬಂದರೂ ಮಗನಿಗೆ ಹೇಳದೆ ಸುಮ್ಮನಿರುವ ಅಪ್ಪಂದಿರ ಹಿಂದೆ ಇರುವುದು ಈ ಭಯವೇ. ಅಮೆರಿಕದಲ್ಲಿ 1986ರ ಕಾನೂನೊಂದಿದೆ. ತುರ್ತು ವಿಭಾಗಕ್ಕೆ ಬಂದವರನ್ನು, ಅವರ ವೀಸಾ ಯಾವುದು, ಜೇಬಿನಲ್ಲಿ ದುಡ್ಡಿದೆಯೇ ಎಂದು ನೋಡದೆ, ಮೊದಲು ಪರೀಕ್ಷಿಸಿ, ತುರ್ತು ಸ್ಥಿತಿಯಿದ್ದರೆ ಜೀವ ಸ್ಥಿರಗೊಳಿಸಬೇಕು. ಮೆಡಿಕೇರ್ ಹಣ ಪಡೆಯುವ, ಅಂದರೆ ಬಹುಪಾಲು ಎಲ್ಲ ದೊಡ್ಡ ಆಸ್ಪತ್ರೆಗಳಿಗೂ ಇದು ಕಡ್ಡಾಯ. ಬಿಲ್ ಬರುವುದಿಲ್ಲ ಎಂದಲ್ಲ, ಬಂದೇ ಬರುತ್ತದೆ, ದೊಡ್ಡದೇ ಬರುತ್ತದೆ. ಆ ಜಗಳ ಆಮೇಲೆ. ಉಸಿರಾಟ ಕಷ್ಟವಾದರೆ, ಎದೆ ಹಿಡಿದರೆ 911ಕ್ಕೆ ಕರೆ ಮಾಡುವುದೇ.

ಮಾತ್ರೆ ಮನೆಯಲ್ಲೇ ಬಿಟ್ಟು ಓಡಿಬಂದವರಿಗೂ ದಾರಿಯಿದೆ. ತುರ್ತುಪರಿಸ್ಥಿತಿ ಘೋಷಣೆಯಾದಾಗ ಚೀಟಿ ಇಲ್ಲದಿದ್ದರೂ ಅಗತ್ಯದಷ್ಟು ಔಷಧಿ ಕೊಡಲು ಕ್ಯಾಲಿಫೋರ್ನಿಯಾದ ಕಾನೂನು ಫಾರ್ಮಸಿಸ್ಟರಿಗೆ ಅಧಿಕಾರ ಕೊಟ್ಟಿದೆ. ಕೊಡಲೇಬೇಕೆಂಬ ಕಟ್ಟಳೆಯೇನಿಲ್ಲ, ವಿವೇಚನೆ ಅವರದು. ಅವರಿಗೆ ನಂಬಿಕೆ ಬರುವಂತೆ ಕೇಳಬೇಕು. ತೊಡಕು ಬರುವುದು ಇಲ್ಲೇ. 'ಟೆಲ್ಮಾ 40, ಥೈರೋನಾರ್ಮ್ 50' ಎಂದರೆ ಅಲ್ಲಿನ ಕೌಂಟರಿನಲ್ಲಿ ಯಾರಿಗೂ ತಿಳಿಯದು. ಟೆಲ್ಮಿಸಾರ್ಟನ್, ಲೀವೋಥೈರಾಕ್ಸಿನ್ ಎಂದರೆ ತಕ್ಷಣ ತಿಳಿಯುತ್ತದೆ. ನಮ್ಮ ಪ್ಯಾರಸಿಟಮಾಲ್ ಅಲ್ಲಿ ಅಸೆಟಮಿನೋಫೆನ್. ಮಾತ್ರೆಪಟ್ಟಿಯ ಹಿಂಬದಿಯ ಸಣ್ಣಕ್ಷರ ಕಾಣುವಂತೆ ಫೋಟೊ ತೆಗೆದು ಮಕ್ಕಳ ಫೋನಿಗೂ ಕಳಿಸಿಡಿ. ಹತ್ತು ನಿಮಿಷದ ಕೆಲಸ, ಹೊರಡುವ ಮುಂಚೆ ಬೆಂಗಳೂರಿನಲ್ಲೋ ಶಿವಮೊಗ್ಗದಲ್ಲೋ ಕೂತು ಮಾಡಬಹುದಾದದ್ದು.

ಇನ್ಸುಲಿನ್ ಬಗ್ಗೆ ಒಂದು ಮಾತು. ಕರೆಂಟು ಹೋಗಿ ಫ್ರಿಜ್ ನಿಂತರೆ ಇನ್ಸುಲಿನ್ ಅಂದೇ ಕೆಟ್ಟಿತೆಂದು ಎಸೆಯುವವರಿದ್ದಾರೆ. ಸಾಮಾನ್ಯವಾಗಿ ಬಳಕೆಯಲ್ಲಿರುವ ಇನ್ಸುಲಿನ್ ಬಾಟಲಿಗಳು 15ರಿಂದ 30 ಡಿಗ್ರಿ ಸೆಲ್ಸಿಯಸ್‌ನಲ್ಲಿ ಫ್ರಿಜ್ ಇಲ್ಲದೆಯೂ 28 ದಿನಗಳವರೆಗೆ ಕೆಲಸ ಮಾಡುತ್ತವೆ. ಬಿಸಿಲಿಗೆ ನಿಲ್ಲಿಸಿದ ಕಾರಿನೊಳಗೆ ಬಿಟ್ಟರೆ ಕೆಡುತ್ತವೆ. ಕಾಪಾಡಲೆಂದು ಐಸ್ ಗಡ್ಡೆಯ ಮೇಲೆ ನೇರ ಇಟ್ಟು ಹೆಪ್ಪುಗಟ್ಟಿಸಿದ ಬಾಟಲಿಯನ್ನು ಮಾತ್ರ, ಕರಗಿದ ಮೇಲೆ ನೋಡಲು ಮೊದಲಿನಂತೆಯೇ ಕಂಡರೂ, ಎಸೆಯಲೇಬೇಕು.